ಕನ್ಸೋಲ್‌ನಲ್ಲಿ ಸಿಗುತ್ತದೆ, ಯೂಸರ್‌ಸ್ಕ್ರಿಪ್ಟ್‌ಗೆ ಸಿಗುವುದಿಲ್ಲ. ಯಾಕೆ?

ನಮ್ಮ ಮಾವ ಮುಳಬಾಗಿಲು ಕಡೆ ಎರಡು ಎಕರೆಯಲ್ಲಿ ಟೊಮೇಟೊ ಬೆಳೆಯುತ್ತಾರೆ. ಕೊಯ್ಲಿನ ದಿನಗಳಲ್ಲಿ ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ಒಂದು ದರದ ಪುಟ ತೆರೆದು ನೋಡುತ್ತಾರೆ. ಕಳೆದ 30 ದಿನದ ರೇಟು ಅಲ್ಲಿ ಗೆರೆಯಾಗಿ ಏರುತ್ತಾ ಇಳಿಯುತ್ತಾ ಕಾಣುತ್ತದೆ. ತೊಂದರೆ ಏನಂದರೆ ಅದೆಲ್ಲ ಕ್ವಿಂಟಲ್ ಲೆಕ್ಕ. ಕೋಲಾರದ ಮಂಡಿಯಲ್ಲಿ ಟೊಮೇಟೊಗೆ ಕ್ವಿಂಟಲ್ ಅಂತ ಯಾರು ಮಾತಾಡುತ್ತಾರೆ? ಬಾಕ್ಸ್ ಎಷ್ಟಕ್ಕೆ ಹೋಯಿತು ಅಂತಲೇ ಕೇಳುವುದು, ಬಾಕ್ಸ್ ಅಂದರೆ 15 ಕೆಜಿ. ಹಾಗಾಗಿ ಮಾವ ಪ್ರತಿ ಸಲ ನೂರರಿಂದ ಭಾಗಿಸಿ ಹದಿನೈದರಿಂದ ಗುಣಿಸಬೇಕು. ಅದರ ಮೇಲೆ, ಆ ಸಣ್ಣ ಪರದೆಯಲ್ಲಿ ಗೆರೆಯ ಮೇಲೆ ಬೆರಳಿಟ್ಟರೆ ಒಂದು ದಿನದ ಅಂಕಿ ಬರುತ್ತದೆ, ಬೆರಳು ಒಂದಿಷ್ಟು ಸರಿದರೆ ಪಕ್ಕದ ದಿನದ್ದು ಬಂದುಬಿಡುತ್ತದೆ.

ಗ್ರಾಫ್ ಕೆಳಗೆ ದೊಡ್ಡ ಅಕ್ಷರದಲ್ಲಿ ಬಾಕ್ಸ್ ರೇಟು ತೋರಿಸುವ ಒಂದು ಯೂಸರ್‌ಸ್ಕ್ರಿಪ್ಟ್, ಅಂದರೆ ಆ ಪುಟದ ಮೇಲೆ ನಾವೇ ಓಡಿಸುವ ಪುಟ್ಟ ಕೋಡ್, ಬರೆದುಕೊಡೋಣ ಅಂದುಕೊಂಡೆ. ಹತ್ತು ಸಾಲಿನ ಕೆಲಸ ಅಲ್ವಾ? ಗ್ರಾಫ್ ಕ್ಯಾನ್ವಾಸ್ ಮೇಲೆ ಬರೆದದ್ದು, ಅಂದರೆ ಅಲ್ಲಿರುವುದು ಬರೀ ಚುಕ್ಕಿಗಳು, ಅಂಕಿ ಇಲ್ಲ. ಆದರೆ ಗ್ರಾಫ್ ಬರೆಯಲು ಪುಟಕ್ಕೆ ಅಂಕಿ ಬೇಕೇ ಬೇಕು, ಅದು ಎಲ್ಲೋ ಒಂದು ಕಡೆ ಇರಲೇಬೇಕು. ಲ್ಯಾಪ್‌ಟಾಪ್‌ನಲ್ಲಿ ಪುಟ ತೆರೆದೆ, ಎಫ್12 ಒತ್ತಿದೆ, ಕೋಡ್ ಹುಡುಕಿದೆ. ಪ್ರೈಸ್‌ಡೇಟಾ ಎಂಬ ಒಂದು ಆಬ್ಜೆಕ್ಟ್ ಸಿಕ್ಕಿತು. ಕನ್ಸೋಲ್‌ನಲ್ಲಿ (ಕೋಡ್ ಟೈಪ್ ಮಾಡಿ ಉತ್ತರ ನೋಡುವ ಜಾಗ) ಆ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಎಲ್ಲ ಅಲ್ಲೇ ಇತ್ತು: ತಾರೀಖು, ಕನಿಷ್ಠ ದರ, ಗರಿಷ್ಠ ದರ, ಮಾದರಿ ದರ (ಆ ದಿನ ಹೆಚ್ಚಿನ ಮಾಲು ಹೋದ ದರ), 30 ಸಾಲು. ಖುಷಿಯಾಯಿತು. ಯೂಸರ್‌ಸ್ಕ್ರಿಪ್ಟ್‌ನಲ್ಲಿ ವಿಂಡೋ ಡಾಟ್ ಪ್ರೈಸ್‌ಡೇಟಾ ಅಂತ ಬರೆದು (ವಿಂಡೋ ಅಂದರೆ ಬ್ರೌಸರ್ ಪ್ರತಿ ಪುಟಕ್ಕೂ ಕೊಡುವ ದೊಡ್ಡ ಆಬ್ಜೆಕ್ಟ್) ಪುಟ ಮತ್ತೆ ಲೋಡ್ ಮಾಡಿದೆ. ಬಂದ ಉತ್ತರ: ಅನ್‌ಡಿಫೈನ್ಡ್, ಅಂದರೆ ಅಂಥದ್ದು ಏನೂ ಇಲ್ಲ.

ಅದೇ ಪುಟ, ಅದೇ ಹೆಸರು. ಕನ್ಸೋಲ್‌ಗೆ ಸಿಗುತ್ತದೆ, ಸ್ಕ್ರಿಪ್ಟ್‌ಗೆ ಸಿಗುವುದಿಲ್ಲ. ಯೂಸರ್‌ಸ್ಕ್ರಿಪ್ಟ್ ಬರೆಯಲು ಹೊರಟ ಸುಮಾರು ಜನ ಮೊದಲು ಎಡವುವುದು ಇಲ್ಲೇ. ಅದಕ್ಕೇ ಇದನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ. ಒಂದು ಮಾತು ಮೊದಲೇ: ಕೋಡಿನ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸ ಜಾವಾಸ್ಕ್ರಿಪ್ಟ್‌ನಲ್ಲಿ ಮುಖ್ಯ. ಮುಂದೆ ಬರುವ ಅನ್‌ಸೇಫ್‌ವಿಂಡೋದಲ್ಲಿ ಡಬ್ಲ್ಯೂ ಒಂದೇ ದೊಡ್ಡಕ್ಷರ, ಮಧ್ಯೆ ಜಾಗ ಇಲ್ಲ. ಅಂದಹಾಗೆ ನಿಮ್ಮದೇ ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ದರ, ಬಾಕ್ಸ್ ಅಂತೆಲ್ಲ ಇಟ್ಟರೂ ಜಾವಾಸ್ಕ್ರಿಪ್ಟ್ ಒಪ್ಪುತ್ತದೆ. ನಾನು ಹಾಗೇ ಇಡುತ್ತೇನೆ, ಯಾವುದು ಪುಟದ್ದು ಯಾವುದು ನನ್ನದು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಅಂಗಳ ಎಲ್ಲರದು, ಲೆಕ್ಕದ ಪುಸ್ತಕ ಒಳಗೆ

ಯೂಸರ್‌ಸ್ಕ್ರಿಪ್ಟ್ ಅಂದರೆ ಬೇರೆಯವರ ವೆಬ್ ಪುಟದ ಮೇಲೆ ನಾವು ಓಡಿಸುವ ನಮ್ಮ ಪುಟ್ಟ ಜಾವಾಸ್ಕ್ರಿಪ್ಟ್ ಫೈಲು. ಬ್ರೌಸರ್‌ಗೆ ಒಂದು ಮ್ಯಾನೇಜರ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕು. ಆರನ್ ಬೂಡ್‌ಮನ್ 2004ರಲ್ಲಿ ಫೈರ್‌ಫಾಕ್ಸ್‌ಗೆ ಗ್ರೀಸ್‌ಮಂಕಿ ಮಾಡಿದರು, ಈಗ ಟ್ಯಾಂಪರ್‌ಮಂಕಿ, ವಯಲೆಂಟ್‌ಮಂಕಿ ಜಾಸ್ತಿ ಬಳಕೆಯಲ್ಲಿವೆ. ಫೈಲಿನ ತಲೆಯಲ್ಲಿ ಕೆಲವು ಸಾಲು ಇರುತ್ತವೆ. ಯಾವ ಸೈಟಿನ ಮೇಲೆ ಓಡಬೇಕು, ಯಾವಾಗ ಓಡಬೇಕು, ಏನೇನು ಅನುಮತಿ ಬೇಕು ಅಂತ.

ಈಗ ಮಂಡಿಯನ್ನೇ ನೆನೆಸಿಕೊಳ್ಳಿ. ಬೆಳಿಗ್ಗೆ ಅಂಗಳದಲ್ಲಿ ಬಾಕ್ಸ್‌ಗಳು ಸಾಲಾಗಿ ಪೇರಿಸಿರುತ್ತವೆ. ರೈತ ನೋಡಬಹುದು, ವ್ಯಾಪಾರಿ ನೋಡಬಹುದು, ಹಮಾಲಿ ಎತ್ತಿ ಈ ಕಡೆಯಿಂದ ಆ ಕಡೆಗೆ ಇಡಬಹುದು. ಆದರೆ ಮಂಡಿಯವರ ಲೆಕ್ಕದ ಪುಸ್ತಕ ಒಳಗಿನ ಮೇಜಿನ ಮೇಲಿರುತ್ತದೆ. ಅಂಗಳದಲ್ಲಿ ನಿಂತವರಿಗೆ ಅದು ಕಾಣುವುದಿಲ್ಲ.

ವೆಬ್ ಪುಟದಲ್ಲೂ ಹೀಗೇ. ನಮಗೆ ಕಾಣುವ ಬಟನ್, ಪಟ್ಟಿ, ಬರಹ, ಚಿತ್ರ ಇವೆಲ್ಲ ಸೇರಿ ಡಾಮ್. ಅದು ಅಂಗಳ. ಪುಟದ ಸ್ವಂತ ಸ್ಕ್ರಿಪ್ಟೂ ನಿಮ್ಮ ಯೂಸರ್‌ಸ್ಕ್ರಿಪ್ಟೂ ಅದೇ ಡಾಮ್ ಅನ್ನು ಮುಟ್ಟುತ್ತವೆ. ನೀವು ಒಂದು ಬಟನ್ ಬಣ್ಣ ಬದಲಿಸಿದರೆ ಪುಟಕ್ಕೂ ಗೊತ್ತಾಗುತ್ತದೆ. ಆದರೆ ಪುಟದ ಸ್ಕ್ರಿಪ್ಟ್ ಇಟ್ಟುಕೊಂಡ ವೇರಿಯಬಲ್, ಫಂಕ್ಷನ್, ಆಬ್ಜೆಕ್ಟ್‌ಗಳು ಒಳಗಿನ ಪುಸ್ತಕದಲ್ಲಿರುತ್ತವೆ. ನಿಮ್ಮ ಸ್ಕ್ರಿಪ್ಟ್‌ಗೆ ತನ್ನದೇ ಬೇರೆ ಮೇಜು, ಬೇರೆ ಪುಸ್ತಕ. ಡಾಮ್‌ನ ಒಂದು ಎಲಿಮೆಂಟ್ ಮೇಲೆ ಪುಟ ತನ್ನ ಜಾವಾಸ್ಕ್ರಿಪ್ಟ್‌ನಿಂದ ಒಂದು ಹೊಸ ಪ್ರಾಪರ್ಟಿ ಅಂಟಿಸಿದ್ದರೂ ಅದು ನಿಮಗೆ ಕಾಣುವುದಿಲ್ಲ. ಅದೇ ವಿಷಯವನ್ನು ಎಚ್‌ಟಿಎಂಎಲ್ ಆಟ್ರಿಬ್ಯೂಟ್ ಆಗಿ ಬರೆದಿದ್ದರೆ ಕಾಣುತ್ತದೆ. ಈ ವ್ಯತ್ಯಾಸ ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಕ್ರೋಮ್‌ನವರು ಇದನ್ನು ಐಸೊಲೇಟೆಡ್ ವರ್ಲ್ಡ್ ಅನ್ನುತ್ತಾರೆ. ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ರೇ ವಿಷನ್ ಅಂತ ಹೆಸರು. ಪುಟ ತನ್ನ ವಿಂಡೋ ಮೇಲೆ ಏನೇ ಮೆತ್ತಿದ್ದರೂ ಅದನ್ನೆಲ್ಲ ದಾಟಿ ಬ್ರೌಸರ್ ಕೊಟ್ಟ ಮೂಲ ವಿಂಡೋವನ್ನು ಮಾತ್ರ ನಿಮಗೆ ತೋರಿಸುತ್ತದೆ, ಅದಕ್ಕೇ ಆ ಹೆಸರು. ಕೆಲವು ಮ್ಯಾನೇಜರ್‌ಗಳು ಬ್ರೌಸರ್ ಕೊಟ್ಟ ಗೋಡೆಯನ್ನೇ ಬಳಸುತ್ತವೆ, ಕೆಲವು ತಾವೇ ಒಂದು ಬೇರೆ ವಿಂಡೋ ಆಬ್ಜೆಕ್ಟ್ ತಯಾರಿಸಿ ನಿಮ್ಮ ಕೈಗೆ ಕೊಡುತ್ತವೆ. ನಮ್ಮ ಮಟ್ಟಿಗೆ ಫಲ ಒಂದೇ. ನೀವು ವಿಂಡೋ ಅಂತ ಬರೆದಾಗ ಸಿಗುವುದು ಪುಟದ ವಿಂಡೋ ಆಗಿರುವುದಿಲ್ಲ.

ಹಾಗಾದರೆ ಕನ್ಸೋಲ್‌ಗೆ ಹೇಗೆ ಸಿಕ್ಕಿತು? ಕನ್ಸೋಲ್ ತಾನಾಗಿ ನಿಲ್ಲುವುದು ಪುಟದ ಕಡೆ, ಒಳಗಿನ ಮೇಜಿನ ಪಕ್ಕದಲ್ಲೇ. ಕ್ರೋಮ್‌ನ ಕನ್ಸೋಲ್ ಮೇಲ್ಗಡೆ ಟಾಪ್ ಅಂತ ಬರೆದ ಒಂದು ಪಟ್ಟಿ ಇದೆ. ಅದನ್ನು ಒತ್ತಿ ನೋಡಿ, ಪುಟದ ಮೇಲೆ ಬೇರೆ ಲೋಕದಲ್ಲಿ ಓಡುತ್ತಿರುವ ಎಕ್ಸ್‌ಟೆನ್ಷನ್‌ಗಳ ಹೆಸರೂ ಅಲ್ಲಿ ಬರುತ್ತವೆ. ಅದರಲ್ಲಿ ಒಂದನ್ನು ಆರಿಸಿ ಅದೇ ಪ್ರೈಸ್‌ಡೇಟಾ ಟೈಪ್ ಮಾಡಿದೆ. ಈಗ ಕನ್ಸೋಲ್‌ಗೂ ಸಿಗಲಿಲ್ಲ. ಗೋಡೆ ಇರುವುದು ನನಗೆ ನಿಜವಾಗಿ ಮನದಟ್ಟಾದದ್ದು ಆ ಕ್ಷಣ.

ಗೋಡೆ ಯಾಕೆ ಬಂತು

ಮೊದಲು ಇಷ್ಟು ಗಟ್ಟಿ ಗೋಡೆ ಇರಲಿಲ್ಲ. ಯೂಸರ್‌ಸ್ಕ್ರಿಪ್ಟ್‌ಗಳಿಗೆ ಮ್ಯಾನೇಜರ್ ಕೆಲವು ವಿಶೇಷ ಶಕ್ತಿ ಕೊಡುತ್ತದೆ, ಜಿಎಂ ಅಂತ ಶುರುವಾಗುವ ಫಂಕ್ಷನ್‌ಗಳು. ಒಂದು ಫಂಕ್ಷನ್ ಯಾವ ಸೈಟಿನಿಂದ ಬೇಕಾದರೂ ಮಾಹಿತಿ ತರುತ್ತದೆ. ಸಾಮಾನ್ಯ ವೆಬ್ ಪುಟಕ್ಕೆ ಆ ಶಕ್ತಿ ಇಲ್ಲ. ಒಂದು ಸೈಟು ಸುಮ್ನೆ ಹೋಗಿ ನಿಮ್ಮ ಇನ್ನೊಂದು ಸೈಟಿನ ಖಾತೆಯ ಪುಟ ಓದಲು ಬ್ರೌಸರ್ ಬಿಡುವುದಿಲ್ಲ. 2005ರ ಜುಲೈನಲ್ಲಿ ಮಾರ್ಕ್ ಪಿಲ್ಗ್ರಿಮ್ ಎಂಬ ಪ್ರೋಗ್ರಾಮರ್ ಒಂದು ದೊಡ್ಡ ತೂತು ತೋರಿಸಿದರು. ಯೂಸರ್‌ಸ್ಕ್ರಿಪ್ಟ್ ಓಡುವ ಪುಟವೇ ಆ ಜಿಎಂ ಫಂಕ್ಷನ್‌ಗಳನ್ನು ಕಸಿದುಕೊಳ್ಳಬಹುದಿತ್ತು, ಅದರಿಂದ ನಿಮ್ಮ ಕಂಪ್ಯೂಟರಿನೊಳಗಿನ ಫೈಲುಗಳನ್ನೂ ಓದಬಹುದಿತ್ತು. ಗ್ರೀಸ್‌ಮಂಕಿ 0.3.5ರಲ್ಲಿ ಆ ಫಂಕ್ಷನ್‌ಗಳನ್ನೇ ಕಿತ್ತುಹಾಕಿದರು. ಆಮೇಲೆ ಫೈರ್‌ಫಾಕ್ಸ್ 1.5ರ ಕಾಲಕ್ಕೆ ಸ್ಕ್ರಿಪ್ಟ್ ಮತ್ತು ಪುಟವನ್ನು ಬೇರೆ ಬೇರೆ ಮಾಡಿ ಫಂಕ್ಷನ್‌ಗಳನ್ನು ವಾಪಸ್ ತಂದರು.

ಗೋಡೆ ನಿಮ್ಮನ್ನು ಕಾಡಲು ಕಟ್ಟಿದ್ದಲ್ಲ. ನಿಮ್ಮ ಕೈಯಲ್ಲಿರುವ ಬೀಗದ ಕೈ ಪುಟದ ಕೈಗೆ ಹೋಗಬಾರದು ಅಂತ ಕಟ್ಟಿದ್ದು. ಇದು ತಲೆಯಲ್ಲಿದ್ದರೆ ಯಾವ ದಾರಿ ಯಾವಾಗ ಸರಿ ಅಂತ ನೀವೇ ನಿರ್ಧರಿಸಬಹುದು. ಯಾವ ದಾರಿ ಹಿಡಿದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಗೋಡೆಯ ಆ ಕಡೆಯಿಂದ ಏನು ಬರುತ್ತಿದೆ, ನನ್ನ ಕಡೆಯಿಂದ ಏನು ಹೋಗುತ್ತಿದೆ?

ದಾರಿಗಳು

ಎಲ್ಲಕ್ಕಿಂತ ಸುಲಭದ್ದು, ಜನ ಮರೆತುಬಿಡುವುದು ಇದು: ನಿಮಗೆ ಜಿಎಂ ಫಂಕ್ಷನ್ ಯಾವುದೂ ಬೇಡವಾದರೆ ಗೋಡೆಯೇ ಬೇಡ. ಟ್ಯಾಂಪರ್‌ಮಂಕಿಯಲ್ಲಿ ಫೈಲಿನ ತಲೆಯಲ್ಲಿ @ಗ್ರಾಂಟ್ ನನ್, ಅಂದರೆ ಯಾವ ಅನುಮತಿಯೂ ಬೇಡ, ಅಂತ ಬರೆದರೆ ನಿಮ್ಮ ಸ್ಕ್ರಿಪ್ಟ್ ನೇರವಾಗಿ ಪುಟದ ಲೋಕದಲ್ಲೇ ಓಡುತ್ತದೆ, ವಿಂಡೋ ಅಂದರೆ ಪುಟದ ವಿಂಡೋನೇ. ನನ್ನ ಬಾಕ್ಸ್ ರೇಟಿನ ಸ್ಕ್ರಿಪ್ಟ್‌ಗೆ ಬೇಕಾದದ್ದು ಇಷ್ಟೇ. ಇರುವ ಅಂಕಿ ಓದಿ, ಗುಣಿಸಿ, ಒಂದು ಸಾಲು ಬರೆಯುವುದಕ್ಕೆ ವಿಶೇಷ ಶಕ್ತಿ ಯಾಕೆ? ಕದಿಯಲು ಬೀಗದ ಕೈ ಇಲ್ಲದ ಕಡೆ ಕಳ್ಳನ ಭಯವೂ ಕಡಿಮೆ. ಒಂದು ಎಚ್ಚರಿಕೆ ಮಾತ್ರ ಬೇಕು. ಈಗ ನೀವೂ ಪುಟವೂ ಒಂದೇ ಮೇಜಿನಲ್ಲಿ ಕೂತಿದ್ದೀರಿ, ಹೆಸರುಗಳು ಒಂದಕ್ಕೊಂದು ತಾಗಬಹುದು. ಹಾಗಾಗಿ ನಿಮ್ಮ ಇಡೀ ಕೋಡನ್ನು ಒಂದು ಫಂಕ್ಷನ್ ಒಳಗೆ ಸುತ್ತಿ, ಆ ಫಂಕ್ಷನ್ ಅನ್ನು ಅಲ್ಲೇ ಕರೆಯಿರಿ.

ವಯಲೆಂಟ್‌ಮಂಕಿಯಲ್ಲಿ @ಇಂಜೆಕ್ಟ್-ಇಂಟು ಎಂಬ ಇನ್ನೊಂದು ಸಾಲು ಇದೆ, ಪೇಜ್, ಕಂಟೆಂಟ್, ಆಟೋ ಅಂತ ಮೂರು ಆಯ್ಕೆ. ಪುಟದ ಆಬ್ಜೆಕ್ಟ್ ಬೇಕು ಅಂದರೆ ಪೇಜ್ ಇರಲಿ. ಕಂಟೆಂಟ್ ಅಂತ ಓಡಿದರೆ ಅಲ್ಲಿ ಅನ್‌ಸೇಫ್‌ವಿಂಡೋ ಅಂದರೂ ಗೋಡೆಯ ಈ ಕಡೆಯದ್ದೇ ಸಿಗುತ್ತದೆ. ಆಟೋ ಇಟ್ಟರೆ ಪುಟ ಅಡ್ಡಿ ಮಾಡಿದಾಗ ಸದ್ದಿಲ್ಲದೆ ಕಂಟೆಂಟ್‌ಗೆ ಜಾರುತ್ತದೆ. ನಿನ್ನೆ ನಡೆದದ್ದು ಇವತ್ತು ಇನ್ನೊಂದು ಸೈಟಿನಲ್ಲಿ ನಡೆಯದಿರಲು ಎಷ್ಟೋ ಸಲ ಇದೇ ಕಾರಣ.

ಜಿಎಂ ಫಂಕ್ಷನ್ ಬೇಕು, ಪುಟದ ಆಬ್ಜೆಕ್ಟೂ ಬೇಕು ಅಂದಾಗ ಬರುವುದು ಅನ್‌ಸೇಫ್‌ವಿಂಡೋ. ತಲೆಯಲ್ಲಿ @ಗ್ರಾಂಟ್ ಅನ್‌ಸೇಫ್‌ವಿಂಡೋ ಅಂತ ಒಂದು ಸಾಲು, ಕೋಡಿನಲ್ಲಿ ಅನ್‌ಸೇಫ್‌ವಿಂಡೋ ಡಾಟ್ ಪ್ರೈಸ್‌ಡೇಟಾ. ಅಷ್ಟೇ, ಗೋಡೆಯಲ್ಲಿ ಒಂದು ಕಿಟಕಿ ತೆರೆಯಿತು, ಪುಸ್ತಕ ಕಾಣಿಸಿತು.

ಹೆಸರಿನಲ್ಲಿ ಅನ್‌ಸೇಫ್ ಅಂತ ಇರುವುದು ಸುಮ್ನೆ ಅಲ್ಲ. ಕಿಟಕಿಯಾಚೆ ಇರುವ ಪ್ರತಿಯೊಂದನ್ನೂ ಪುಟ ತನಗೆ ಬೇಕಾದ ಹಾಗೆ ಮಾಡಿಟ್ಟಿರಬಹುದು. ಒಂದು ಪ್ರಾಪರ್ಟಿ ಓದಿದರೆ ಬರೀ ವ್ಯಾಲ್ಯೂ ಬಂತು ಅಂದುಕೊಳ್ಳುತ್ತೇವೆ, ಆದರೆ ಅದರ ಹಿಂದೆ ಗೆಟರ್ ಇದ್ದರೆ ನೀವು ಓದಿದ ಕ್ಷಣ ಪುಟದ ಕೋಡ್ ಓಡುತ್ತದೆ. ನೀವು ಕರೆದ ಫಂಕ್ಷನ್ ಮೂಲದ್ದೇ ಅಂತ ಏನೂ ಖಾತ್ರಿ ಇಲ್ಲ. ಅದಕ್ಕೆ ನಾನು ಪಾಲಿಸುವುದು ಇಷ್ಟು. ಬಂದದ್ದನ್ನು ತಕ್ಷಣ ನಂಬರ್‌ಗೆ ಬದಲಿಸುತ್ತೇನೆ, ಅಂಕಿ ಆಗದಿದ್ದರೆ ಬಿಸಾಕುತ್ತೇನೆ. ಪರದೆಗೆ ಬರೆಯುವಾಗ ಬಂದದ್ದನ್ನು ಬರೀ ಅಕ್ಷರವಾಗಿ ತೋರಿಸುವ ಟೆಕ್ಸ್ಟ್‌ಕಂಟೆಂಟ್ ಬಳಸುತ್ತೇನೆ, ಇನ್ನರ್‌ಎಚ್‌ಟಿಎಂಎಲ್ ಬಳಸುವುದಿಲ್ಲ. ಪುಟದಿಂದ ಬಂದ ವಿಳಾಸವನ್ನು ಜಿಎಂ ಫಂಕ್ಷನ್‌ಗೆ ಹಾಗೆಯೇ ಕೊಡುವುದಿಲ್ಲ. ಜಿಎಂ ಫಂಕ್ಷನ್ ಅನ್ನು ಅನ್‌ಸೇಫ್‌ವಿಂಡೋ ಮೇಲೆ ಇಡುವುದಂತೂ ಬೇಡವೇ ಬೇಡ. 2005ರಲ್ಲಿ ಮುಚ್ಚಿದ ತೂತನ್ನು ನಮ್ಮ ಕೈಯಾರೆ ತೆರೆದ ಹಾಗೆ ಆಗುತ್ತದೆ.

ಫೈರ್‌ಫಾಕ್ಸ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಆ ಕಡೆಯದ್ದನ್ನು ಓದುವುದು ಸಲೀಸು, ಎಕ್ಸ್‌ರೇ ತೆಗೆದು ನೋಡಲು ರ‍್ಯಾಪ್ಡ್‌ಜೆಎಸ್‌ಆಬ್ಜೆಕ್ಟ್ ಎಂಬ ಪ್ರಾಪರ್ಟಿಯೇ ಇದೆ. ಆದರೆ ನೀವು ಮಾಡಿದ ಆಬ್ಜೆಕ್ಟ್ ಅನ್ನು ಪುಟಕ್ಕೆ ಕೊಟ್ಟರೆ ಪುಟ ಅದನ್ನು ಮುಟ್ಟಿದ ತಕ್ಷಣ ಅನುಮತಿ ಇಲ್ಲ ಅಂತ ದೋಷ ಬರುತ್ತದೆ. ಆಬ್ಜೆಕ್ಟ್ ಕೊಡಲು ಕ್ಲೋನ್‌ಇಂಟು, ಫಂಕ್ಷನ್ ಕೊಡಲು ಎಕ್ಸ್‌ಪೋರ್ಟ್‌ಫಂಕ್ಷನ್ ಬೇಕು. ಮೊದಲನೆಯದು ನಕಲು ಮಾಡಿ ಆ ಕಡೆ ಇಡುತ್ತದೆ, ಎರಡನೆಯದು ಪುಟ ಕರೆಯಬಹುದಾದ ಒಂದು ಹಿಡಿಕೆಯನ್ನು ಆ ಕಡೆ ಇಡುತ್ತದೆ.

ಕಾನ್ಸ್ಟ್ ಎಂಬ ಗುಟ್ಟು

ನನ್ನ ಎರಡು ಸಂಜೆ ತಿಂದದ್ದು ಇದು. ಸ್ಕ್ರಿಪ್ಟ್ ಕೆಲವು ವಾರ ಚೆನ್ನಾಗಿ ನಡೆಯಿತು. ಒಂದು ದಿನ ಮಾವ ಫೋನ್ ಮಾಡಿ ಕೆಳಗಿನ ಸಾಲು ಬರುತ್ತಿಲ್ಲ ಅಂದರು. ಲ್ಯಾಪ್‌ಟಾಪ್ ತೆರೆದೆ, ಕನ್ಸೋಲ್‌ನಲ್ಲಿ ಪ್ರೈಸ್‌ಡೇಟಾ ಟೈಪ್ ಮಾಡಿದೆ, ಅಂಕಿಗಳು ಬಂದವು. ಅದೇ ಕನ್ಸೋಲ್‌ನಲ್ಲಿ, ಪುಟದ ಕಡೆಯಲ್ಲೇ ನಿಂತು, ವಿಂಡೋ ಡಾಟ್ ಪ್ರೈಸ್‌ಡೇಟಾ ಅಂದೆ. ಅನ್‌ಡಿಫೈನ್ಡ್! ಗೋಡೆಯ ವಿಷಯ ಗೊತ್ತಿದ್ದವನಿಗೂ ಇದು ಅರ್ಥವಾಗಲಿಲ್ಲ, ಯಾಕಂದರೆ ಇಲ್ಲಿ ಗೋಡೆಯೇ ಇರಲಿಲ್ಲ.

ಆದದ್ದು ಏನಂದರೆ, ಸೈಟಿನವರು ತಮ್ಮ ಕೋಡಿನಲ್ಲಿ ವಾರ್ ಇದ್ದ ಕಡೆ ಕಾನ್ಸ್ಟ್ ಅಂತ ಬದಲಿಸಿದ್ದರು. ಒಂದು ಸ್ಕ್ರಿಪ್ಟ್‌ನ ಹೊರಗಿನ ಮಟ್ಟದಲ್ಲಿ ವಾರ್ ಅಂತ ಬರೆದ ಹೆಸರು ವಿಂಡೋ ಆಬ್ಜೆಕ್ಟ್‌ನ ಪ್ರಾಪರ್ಟಿ ಆಗುತ್ತದೆ. ಫಂಕ್ಷನ್ ಅಂತ ಬರೆದದ್ದೂ ಆಗುತ್ತದೆ. ಆದರೆ 2015ರ ಆವೃತ್ತಿಯಲ್ಲಿ ಜಾವಾಸ್ಕ್ರಿಪ್ಟ್‌ಗೆ ಬಂದ ಲೆಟ್, ಕಾನ್ಸ್ಟ್, ಕ್ಲಾಸ್ ಹಾಗಲ್ಲ. ಆ ಹೆಸರುಗಳು ಎಲ್ಲ ಸ್ಕ್ರಿಪ್ಟ್‌ಗಳಿಗೂ ಕಾಣುತ್ತವೆ, ಆದರೆ ವಿಂಡೋ ಮೇಲೆ ಕೂರುವುದಿಲ್ಲ. ಅವಕ್ಕೆ ಬೇರೆಯದೇ ಒಂದು ಖಾತೆ. ಬರೀ ಹೆಸರು ಹೇಳಿದರೆ ಜಾವಾಸ್ಕ್ರಿಪ್ಟ್ ಆ ಖಾತೆಯನ್ನೂ ನೋಡುತ್ತದೆ, ವಿಂಡೋ ಡಾಟ್ ಅಂತ ಕೇಳಿದರೆ ವಿಂಡೋದಲ್ಲಿ ಮಾತ್ರ ಹುಡುಕುತ್ತದೆ. ಅನ್‌ಸೇಫ್‌ವಿಂಡೋ ಎಷ್ಟೇ ಅಗಲ ತೆರೆದರೂ ಅದು ವಿಂಡೋ ಆಬ್ಜೆಕ್ಟೇ, ಹಾಗಾಗಿ ಕಾನ್ಸ್ಟ್ ಅದಕ್ಕೆ ಸಿಗುವುದೇ ಇಲ್ಲ.

ಮದ್ದು ಏನು? ಪುಟದ ಲೋಕದಲ್ಲೇ ಓಡುವ ಕೋಡಿನಿಂದ ಬರೀ ಹೆಸರು ಹಿಡಿದು ಕೇಳಬೇಕು. @ಗ್ರಾಂಟ್ ನನ್ ಆಗಿದ್ದರೆ ವಿಂಡೋ ಡಾಟ್ ತೆಗೆದು ಬರೀ ಪ್ರೈಸ್‌ಡೇಟಾ ಅಂತ ಬರೆದರೆ ಮುಗಿಯಿತು. ಹೆಸರು ಇಲ್ಲದಿದ್ದರೆ ದೋಷ ಎಸೆಯುತ್ತದೆ, ಅದಕ್ಕೆ ಮೊದಲು ಟೈಪ್‌ಆಫ್ ಹಾಕಿ ನೋಡಿಕೊಳ್ಳಿ. ಗೋಡೆಯ ಈ ಕಡೆ ಇದ್ದರೆ ಹಳೆಯ ಉಪಾಯ ಬೇಕಾಗುತ್ತದೆ: ಸ್ಕ್ರಿಪ್ಟ್ ಟ್ಯಾಗ್.

ಉಪಾಯ ಹೀಗೆ. ಡಾಮ್ ಇಬ್ಬರದೂ ಅಲ್ವಾ? ಡಾಕ್ಯುಮೆಂಟ್ ಡಾಟ್ ಕ್ರಿಯೇಟ್‌ಎಲಿಮೆಂಟ್‌ನಿಂದ ಒಂದು ಸ್ಕ್ರಿಪ್ಟ್ ಎಲಿಮೆಂಟ್ ಮಾಡಿ, ಅದರ ಟೆಕ್ಸ್ಟ್‌ಕಂಟೆಂಟ್‌ನಲ್ಲಿ ಕೋಡ್ ಬರೆದು, ಪುಟಕ್ಕೆ ಸೇರಿಸಿ. ಬ್ರೌಸರ್ ಅದನ್ನು ಪುಟದ್ದೇ ಸ್ಕ್ರಿಪ್ಟ್ ಅಂತ ತಿಳಿದು ಪುಟದ ಲೋಕದಲ್ಲಿ ಓಡಿಸುತ್ತದೆ. ಸೇರಿಸಿದ ಮರುಕ್ಷಣ ಟ್ಯಾಗ್ ತೆಗೆದುಬಿಡಬಹುದು, ಕೋಡ್ ಅಷ್ಟರಲ್ಲಿ ಓಡಿ ಆಗಿರುತ್ತದೆ. ಕೋಡನ್ನು ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳ ಸಾಲಾಗಿ, ಬರೆಯುವುದು ಕಷ್ಟ, ಅದಕ್ಕೆ ಜನ ಒಂದು ಫಂಕ್ಷನ್ ಬರೆದು ಅದನ್ನೇ ಸ್ಟ್ರಿಂಗ್‌ಗೆ ಬದಲಿಸಿ ಹಾಕುತ್ತಾರೆ. ಇಲ್ಲಿ ಎಡವಬೇಡಿ. ಆ ಕಡೆ ಹೋಗುವುದು ಫಂಕ್ಷನ್‌ನ ಅಕ್ಷರಗಳು ಮಾತ್ರ. ಅದರ ಸುತ್ತ ನೀವು ಇಟ್ಟಿದ್ದ ವೇರಿಯಬಲ್‌ಗಳು ಹೋಗುವುದಿಲ್ಲ. ಮೇಲೆ ಬಾಕ್ಸ್ ಸಮ 15 ಅಂತ ಬರೆದು ಫಂಕ್ಷನ್ ಒಳಗೆ ಬಾಕ್ಸ್ ಅಂದರೆ, ಆ ಕಡೆ ಬಾಕ್ಸ್ ಅಂದರೆ ಏನು ಅಂತ ಯಾರಿಗೂ ಗೊತ್ತಿರುವುದಿಲ್ಲ. ಬೇಕಾದ ವ್ಯಾಲ್ಯೂಗಳನ್ನು ಜೇಸನ್ ಡಾಟ್ ಸ್ಟ್ರಿಂಗಿಫೈನಿಂದ ಸ್ಟ್ರಿಂಗ್ ಮಾಡಿ ಆ ಅಕ್ಷರಗಳ ಜೊತೆಗೇ ಕಳಿಸಬೇಕು.

ಈ ಉಪಾಯಕ್ಕೆ ಅಡ್ಡ ಬರುವುದು ಸಿಎಸ್‌ಪಿ, ಅಂದರೆ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ. ಪುಟದೊಳಗೆ ನೇರ ಬರೆದ ಸ್ಕ್ರಿಪ್ಟ್ ಓಡಿಸಬೇಡ ಅಂತ ಸೈಟು ಬ್ರೌಸರ್‌ಗೆ ಹೇಳಿರಬಹುದು. ಆಗ ನಿಮ್ಮ ಟ್ಯಾಗ್ ಸೇರುತ್ತದೆ, ಓಡುವುದಿಲ್ಲ, ಕನ್ಸೋಲ್‌ನಲ್ಲಿ ಕೆಂಪು ಸಾಲು ಬರುತ್ತದೆ. ಬ್ಯಾಂಕ್ ತರಹದ ಸೈಟುಗಳಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ, ಇರಬೇಕು ಕೂಡ.

ಇನ್ನು ಆ ಕಡೆ ಓಡಿದ ಕೋಡ್ ಉತ್ತರ ಹೇಗೆ ಕಳಿಸುತ್ತದೆ? ಮತ್ತೆ ಅಂಗಳವೇ ದಿಕ್ಕು. ಡಾಕ್ಯುಮೆಂಟ್ ಮೇಲೆ ಒಂದು ಕಸ್ಟಮ್‌ಇವೆಂಟ್ ಎಬ್ಬಿಸಿದರೆ ಈ ಕಡೆ ನೀವು ಕೇಳಿಸಿಕೊಳ್ಳಬಹುದು. ಹರಾಜಿನಲ್ಲಿ ಕೂಗಿದ ಹಾಗೆ, ಅಂಗಳದಲ್ಲಿ ಇರುವವರಿಗೆಲ್ಲ ಕೇಳುತ್ತದೆ, ಅದಕ್ಕೇ ಗುಟ್ಟಿನ ವಿಷಯ ಅಲ್ಲಿ ಕೂಗಬೇಡಿ. ವಿಂಡೋ ಡಾಟ್ ಪೋಸ್ಟ್‌ಮೆಸೇಜ್ ಕೂಡ ಇದೇ ರೀತಿ. ಅಥವಾ ಒಂದು ಎಲಿಮೆಂಟ್‌ನ ಡೇಟಾ ಆಟ್ರಿಬ್ಯೂಟ್‌ನಲ್ಲಿ ಬರೆದಿಡಬಹುದು, ಆಟ್ರಿಬ್ಯೂಟ್ ಇಬ್ಬರಿಗೂ ಕಾಣುತ್ತದೆ ಅಂತ ಆಗಲೇ ಹೇಳಿದೆನಲ್ಲ. ಯಾವುದರಲ್ಲಾದರೂ ಆಬ್ಜೆಕ್ಟ್ ಬದಲು ಜೇಸನ್ ಸ್ಟ್ರಿಂಗ್ ಕಳಿಸಿ. ಸ್ಟ್ರಿಂಗ್ ಯಾವ ಬ್ರೌಸರ್‌ನಲ್ಲೂ ಗೋಡೆ ದಾಟುತ್ತದೆ, ಅದರೊಳಗೆ ಗೆಟರ್ ಅಡಗಿಸಲು ಆಗುವುದಿಲ್ಲ.

ಹೊತ್ತು ಮುಂಚೆ ಹೋದರೆ

ದಾರಿ ಸರಿ ಇದ್ದೂ ಅನ್‌ಡಿಫೈನ್ಡ್ ಬಂದರೆ ಹೊತ್ತು ತಪ್ಪಿರಬಹುದು. ಹರಾಜು ಶುರುವಾಗುವ ಮುಂಚೆ ಮಂಡಿಗೆ ಹೋಗಿ ರೇಟು ಕೇಳಿದರೆ ಯಾರು ಹೇಳುತ್ತಾರೆ? ಪುಟ ಮೊದಲು ಖಾಲಿ ಬಂದು, ಆಮೇಲೆ ಸರ್ವರ್‌ನಿಂದ ಅಂಕಿ ತರಿಸಿಕೊಂಡು, ಆಮೇಲೆ ಆಬ್ಜೆಕ್ಟ್ ತುಂಬುತ್ತದೆ. ಕನ್ಸೋಲ್‌ನಲ್ಲಿ ನೀವು ಟೈಪ್ ಮಾಡುವಷ್ಟರಲ್ಲಿ ಎಲ್ಲ ಬಂದಾಗಿರುತ್ತದೆ, ಅದಕ್ಕೇ ಅಲ್ಲಿ ಯಾವಾಗಲೂ ಸಿಗುತ್ತದೆ. ಸರಳ ಮದ್ದು, 200 ಮಿಲಿಸೆಕೆಂಡಿಗೆ ಒಂದು ಸಲ ಇಣುಕಿ ನೋಡುವುದು, 50 ಸಲ ನೋಡಿದ ಮೇಲೆ ಕೈಬಿಡುವುದು. ಮಿತಿ ಇಡದೆ ಬಿಟ್ಟರೆ ಫೋನಿನ ಬ್ಯಾಟರಿ ಸುಮ್ನೆ ಕರಗುತ್ತದೆ.

ಇನ್ನೂ ಚೂಪಾದ ದಾರಿಯೂ ಇದೆ. ಫೈಲಿನ ತಲೆಯಲ್ಲಿ @ರನ್-ಆ್ಯಟ್ ಡಾಕ್ಯುಮೆಂಟ್-ಸ್ಟಾರ್ಟ್ ಅಂತ ಬರೆದು, ಪುಟದ ಸ್ಕ್ರಿಪ್ಟ್‌ಗಿಂತ ಮುಂಚೆ ಹೋಗಿ, ಆಬ್ಜೆಕ್ಟ್ ಡಾಟ್ ಡಿಫೈನ್‌ಪ್ರಾಪರ್ಟಿಯಿಂದ ಪುಟದ ವಿಂಡೋ ಮೇಲೆ ಅದೇ ಹೆಸರಿನ ಒಂದು ಸೆಟರ್ ಇಟ್ಟು ಕಾಯುವುದು. ಪುಟ ಆ ಹೆಸರಿಗೆ ವ್ಯಾಲ್ಯೂ ಕೊಟ್ಟ ಕ್ಷಣವೇ ನಿಮಗೆ ಗೊತ್ತಾಗುತ್ತದೆ. ಕಾನ್ಫಿಗರಬಲ್ ಟ್ರೂ ಅಂತ ಬರೆಯಲು ಮರೆಯಬೇಡಿ. ಮರೆತರೆ, ಪುಟ ಅದೇ ಹೆಸರಿಗೆ ಲೆಟ್ ಅಥವಾ ಕಾನ್ಸ್ಟ್ ಬಳಸಿದ ದಿನ ಪುಟದ ಆ ಸ್ಕ್ರಿಪ್ಟೇ ದೋಷ ಕೊಟ್ಟು ನಿಂತುಹೋಗುತ್ತದೆ.

ಕೆಲವು ಸಲ ಆಬ್ಜೆಕ್ಟ್‌ಗೆ ಹೊರಗೆ ಹೆಸರೇ ಇರುವುದಿಲ್ಲ. ಒಂದು ಫಂಕ್ಷನ್ ಒಳಗೋ, ಮಾಡ್ಯೂಲ್ ಆಗಿ ಬರೆದ ಸ್ಕ್ರಿಪ್ಟ್ ಒಳಗೋ ಹುಟ್ಟಿ ಅಲ್ಲೇ ಉಳಿಯುತ್ತದೆ. ಈಗಿನ ಸೈಟುಗಳಲ್ಲಿ ಇದೇ ಜಾಸ್ತಿ. ಅದನ್ನು ನೇರವಾಗಿ ಹಿಡಿಯಲು ಯಾವ ಬಾಗಿಲೂ ಇಲ್ಲ, ಕನ್ಸೋಲ್‌ನಲ್ಲಿ ಟೈಪ್ ಮಾಡಿದರೂ ಸಿಗುವುದಿಲ್ಲ. ಆಗ ಲೆಕ್ಕದ ಪುಸ್ತಕದ ಆಸೆ ಬಿಟ್ಟು ಗೇಟಿನಲ್ಲಿ ನಿಲ್ಲಬೇಕು, ಲಾರಿ ಒಳಗೆ ಬರುವಾಗಲೇ ನೋಡಿಕೊಳ್ಳಬೇಕು. ಅಂಕಿ ಸರ್ವರ್‌ನಿಂದ ಬರುವುದು ಫೆಚ್ ಎಂಬ ಫಂಕ್ಷನ್ ಮೂಲಕ ಅಂತಿಟ್ಟುಕೊಳ್ಳಿ. ಪುಟದ ಲೋಕದಲ್ಲಿ, ಎಲ್ಲಕ್ಕಿಂತ ಮೊದಲು, ಮೂಲ ಫೆಚ್ ಅನ್ನು ಒಂದು ವೇರಿಯಬಲ್‌ನಲ್ಲಿ ಎತ್ತಿಟ್ಟು, ಅದರ ಜಾಗದಲ್ಲಿ ನಿಮ್ಮ ಫಂಕ್ಷನ್ ಇಡಿ. ನಿಮ್ಮದು ಮೂಲವನ್ನೇ ಕರೆಯುತ್ತದೆ, ಬಂದ ರೆಸ್ಪಾನ್ಸ್ ಅನ್ನು ಪುಟಕ್ಕೆ ಹಾಗೆಯೇ ಕೊಡುತ್ತದೆ, ತನಗೆ ಮಾತ್ರ ಒಂದು ಕ್ಲೋನ್ ಮಾಡಿಕೊಂಡು ಓದುತ್ತದೆ. ಕ್ಲೋನ್ ಯಾಕೆ ಅಂದರೆ ರೆಸ್ಪಾನ್ಸ್‌ನ ಒಡಲನ್ನು ಒಂದೇ ಸಲ ಓದಬಹುದು. ನೀವು ಮೂಲವನ್ನೇ ಓದಿಬಿಟ್ಟರೆ ಪುಟಕ್ಕೆ ಏನೂ ಉಳಿಯುವುದಿಲ್ಲ, ಗ್ರಾಫ್ ಖಾಲಿ ಬರುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಸ್ಕ್ರಿಪ್ಟ್ ಓಡುವುದೇ ಇಲ್ಲ ಅನ್ನುವುದು ಬೇರೆ ಸಮಸ್ಯೆ. ಕ್ರೋಮ್ ಎಕ್ಸ್‌ಟೆನ್ಷನ್‌ಗಳನ್ನು ಮ್ಯಾನಿಫೆಸ್ಟ್ ವಿ3 ನಿಯಮಕ್ಕೆ ತಂದಾಗ ಯೂಸರ್‌ಸ್ಕ್ರಿಪ್ಟ್‌ಗಳಿಗೆ ಅಂತಲೇ ಒಂದು ಹೊಸ ವ್ಯವಸ್ಥೆ ಮಾಡಿತು, ಅದು ಬಂದದ್ದು ಕ್ರೋಮ್ 120ರಲ್ಲಿ. ಮೊದಲು ಅದಕ್ಕೆ ಡೆವಲಪರ್ ಮೋಡ್ ಆನ್ ಮಾಡಬೇಕಿತ್ತು, 138ರಿಂದ ಆಯಾ ಎಕ್ಸ್‌ಟೆನ್ಷನ್‌ನ ವಿವರದ ಪುಟದಲ್ಲಿ ಅಲೋ ಯೂಸರ್ ಸ್ಕ್ರಿಪ್ಟ್ಸ್ ಎಂಬ ಸ್ವಿಚ್ ಇದೆ. ಅದು ಆಫ್ ಇದ್ದರೆ ಮೇಲೆ ಹೇಳಿದ ಯಾವುದೂ ನಡೆಯುವುದಿಲ್ಲ. ಕೋಡ್ ತಿದ್ದುವ ಮುಂಚೆ ಅದನ್ನು ನೋಡಿ.

ಮಾವನ ಫೋನಿನಲ್ಲಿ ಫೈರ್‌ಫಾಕ್ಸ್ ಹಾಕಿ ಅದರ ಮೇಲೆ ಟ್ಯಾಂಪರ್‌ಮಂಕಿ ಹಾಕಿಕೊಟ್ಟಿದ್ದೇನೆ. ಈಗ ಗ್ರಾಫ್ ಕೆಳಗೆ ಒಂದು ಸಾಲು ಬರುತ್ತದೆ. ಮಾದರಿ ದರ ಕ್ವಿಂಟಲ್‌ಗೆ 2000 ಇದ್ದರೆ ಬಾಕ್ಸ್‌ಗೆ 300 ಅಂತ ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ, ಪಕ್ಕದಲ್ಲಿ ಅದು ಯಾವ ದಿನದ್ದು ಅಂತ ತಾರೀಖು. ಕಾನ್ಸ್ಟ್ ಪೆಟ್ಟು ತಿಂದ ಮೇಲೆ ಇನ್ನೊಂದು ಸಾಲು ಸೇರಿಸಿದೆ. ಆಬ್ಜೆಕ್ಟ್ ಸಿಗದಿದ್ದರೆ, ಅಥವಾ ಬಂದದ್ದು ಅಂಕಿ ಅಲ್ಲದಿದ್ದರೆ, ಹಳೆಯ ರೇಟು ತೋರಿಸದೆ ಆ ಜಾಗದಲ್ಲಿ "ದರ ಸಿಗಲಿಲ್ಲ" ಅಂತಲೇ ಬರುತ್ತದೆ. ಬೆಳಿಗ್ಗೆ ಕೊಯ್ಯುವುದೋ ಇನ್ನೆರಡು ದಿನ ಗಿಡದಲ್ಲೇ ಬಿಡುವುದೋ ಅಂತ ಅವರು ಆ ಸಾಲು ನೋಡಿಯೇ ಯೋಚಿಸುತ್ತಾರೆ.